ದನಿ ತಡವಾಗುತ್ತಿರುವುದು ಯಾರಿಂದ? ಮೊದಲು ಅಳೆಯಿರಿ, ಆಮೇಲೆ ಎಳೆಯಿರಿ

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಸಂಜೆ ಹೊತ್ತು ಮನೆಯಲ್ಲೇ ಭಾವಗೀತೆ, ಜನಪದ ಗೀತೆ ರೆಕಾರ್ಡ್ ಮಾಡುತ್ತೇನೆ. ಲ್ಯಾಪ್‌ಟಾಪ್, ಯುಎಸ್‌ಬಿ ಮೈಕು, ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಇವೆ. ಕಿವಿಗೆ ಬ್ಲೂಟೂತ್ ನೆಕ್‌ಬ್ಯಾಂಡ್. ಮೊದಲು ತಾಳದ ಟ್ರ್ಯಾಕ್, ಅದರ ಮೇಲೆ ನನ್ನ ದನಿ, ಆಮೇಲೆ ನನ್ನದೇ ಎರಡನೇ, ಮೂರನೇ ದನಿ. ಹಾಡುವಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಕೇಳಿದರೆ ದನಿ ತಾಳಕ್ಕಿಂತ ಹಿಂದೆ ಬಿದ್ದಿರುತ್ತದೆ. ಮೂರನೇ ದನಿ ಹೊತ್ತಿಗೆ ಇನ್ನೂ ಹಿಂದೆ. ಚಿಕ್ಕಮಗಳೂರಿನಲ್ಲಿರುವ ನನ್ನ ಅತ್ತಿಗೆ ಒಂದು ಮೊಬೈಲಿನಲ್ಲಿ ತಾಳ ಕೇಳುತ್ತಾ ಇನ್ನೊಂದರಲ್ಲಿ ಹಾಡಿ ವಾಟ್ಸ್ಆ್ಯಪ್ ಮಾಡುತ್ತಾರೆ. ಅವರ ದನಿ ಶುರುವಿನಲ್ಲಿ ಕೂಡಿಸಿದರೆ ಕೊನೆಯ ಚರಣಕ್ಕೆ ಬರುವಾಗ ಮುಂದೆ ಓಡಿರುತ್ತದೆ. ಪರದೆಯಲ್ಲಿ ದನಿಯ ಟ್ರ್ಯಾಕನ್ನು ಕೈಯಲ್ಲಿ ಎಳೆದೂ ಎಳೆದೂ ಸಾಕಾಗಿದೆ. ನನ್ನ ತಾಳಜ್ಞಾನವೇ ಸರಿ ಇಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ನಿಮ್ಮ ತಾಳಜ್ಞಾನದ ಮೇಲೆ ಈಗಲೇ ಅನುಮಾನ ಪಡಬೇಡಿ. ಬ್ಲೂಟೂತ್ ಅನ್ನುವ ಒಂದೇ ಪದ ಸಾಕು, ಅರ್ಧ ಕತೆ ಗೊತ್ತಾಯಿತು. ತಡ ನಿಮ್ಮದಲ್ಲ, ಯಂತ್ರದ್ದು. ಕೊಂಚವೇನಾದರೂ ನಿಮ್ಮದಿದ್ದರೆ ಅದನ್ನು ಕಡೆಯಲ್ಲಿ ನೋಡೋಣ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಾಸನದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಗೆ ಕಂಬಳಿ ಕಟ್ಟಿ ರೆಕಾರ್ಡಿಂಗ್ ಶುರು ಮಾಡಿದ ಹೊಸದು. ಒಂದು ಪ್ರಾರ್ಥನೆ ಹಾಡಿಗೆ ಆರು ಮಕ್ಕಳ ದನಿ ಬೇಕಿತ್ತು. ಒಬ್ಬೊಬ್ಬರನ್ನೇ ಕೂರಿಸಿ ಹಾಡಿಸಿದೆ. ಕೇಳಿದರೆ ಎಲ್ಲವೂ ತಾಳದಿಂದ ಜಾರಿದ್ದವು. ಒಬ್ಬ ಪುಟ್ಟ ಹುಡುಗಿಗೆ "ನಿನಗೆ ತಾಳ ನಿಲ್ತಾ ಇಲ್ಲ ಕಣಮ್ಮ" ಅಂತ ಹೇಳಿಬಿಟ್ಟೆ. ಅವಳು ತಲೆ ತಗ್ಗಿಸಿಕೊಂಡು ಹೋದಳು. ರಾತ್ರಿ ಇಡೀ ಕೂತು ಕಿವಿಯ ಅಂದಾಜಿನ ಮೇಲೆ ಎಲ್ಲವನ್ನೂ ಎಳೆದೆ. ಬೆಳಗಿನ ಜಾವ ಯಾಕೋ ಅನುಮಾನ ಬಂದು ಅಳೆದು ನೋಡಿದರೆ, ಆರೂ ದನಿ ಸರಿಸುಮಾರು ಒಂದೇ ಅಳತೆಯಷ್ಟು ತಡವಾಗಿದ್ದವು. ಆರು ಜನ ಒಂದೇ ಅಳತೆಗೆ ತಪ್ಪು ಮಾಡುವುದಿಲ್ಲ. ತಪ್ಪು ನನ್ನ ಸೆಟಿಂಗಿನದು. ಆ ಹುಡುಗಿಯ ಮನೆಗೆ ಹೋಗಿ ಹೇಳಿ ಬಂದೆ. ಅವತ್ತಿನಿಂದ ಅಳೆಯದೆ ಯಾವ ದನಿಯನ್ನೂ ಎಳೆದಿಲ್ಲ, ಅಳೆಯದೆ ಯಾವ ಹಾಡುಗಾರರಿಗೂ ತಾಳದ ಮಾತು ಆಡಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ಪ್ಲೇ ಒತ್ತಿದಾಗ ತಾಳದ ಸದ್ದು ಲ್ಯಾಪ್‌ಟಾಪಿನಿಂದ ಹೊರಟು ನಿಮ್ಮ ಕಿವಿಗೆ ಬರಲು ಸ್ವಲ್ಪ ಹೊತ್ತು ಬೇಕು. ನೀವು ಹಾಡಿದ್ದು ಮೈಕಿನಿಂದ ಲ್ಯಾಪ್‌ಟಾಪಿನ ಒಳಗೆ ಹೋಗಿ ಕೂರಲು ಇನ್ನಷ್ಟು ಹೊತ್ತು. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿ ಒಟ್ಟು ತಡ. ಇದಕ್ಕೆ ಲೇಟೆನ್ಸಿ ಅನ್ನುತ್ತಾರೆ. ನೀವು ಕಿವಿಗೆ ಕೇಳಿದ ತಾಳಕ್ಕೆ ಕರಾರುವಾಕ್ಕಾಗಿ ಹಾಡಿದರೂ, ಪರದೆಯ ಮೇಲೆ ನಿಮ್ಮ ದನಿ ಅಷ್ಟು ಬಲಕ್ಕೆ ಕೂರುತ್ತದೆ.

ತಂತಿ ಇರುವ ಇಯರ್‌ಫೋನಿನಲ್ಲೂ ಈ ತಡ ಇದ್ದೇ ಇರುತ್ತದೆ. ಅಡಾಸಿಟಿಗೆ ಅದು ಗೊತ್ತು. ಅದಕ್ಕೇ ರೆಕಾರ್ಡ್ ಆದ ಪ್ರತಿ ಟ್ರ್ಯಾಕನ್ನೂ ತಾನಾಗಿ 130 ಮಿಲಿಸೆಕೆಂಡ್ ಎಡಕ್ಕೆ ಸರಿಸುತ್ತದೆ. ಒಂದು ಸೆಕೆಂಡಿನಲ್ಲಿ 1000 ಮಿಲಿಸೆಕೆಂಡ್. ಈ 130 ಅನ್ನುವುದು ಒಂದು ಅಂದಾಜು ಅಷ್ಟೆ, ನಿಮ್ಮ ಯಂತ್ರವನ್ನು ನೋಡಿ ಇಟ್ಟ ಅಂಕಿ ಅಲ್ಲ. ಬ್ಲೂಟೂತ್ ಬಂದರೆ ಈ ಅಂದಾಜು ಪೂರ್ತಿ ತಲೆಕೆಳಗಾಗುತ್ತದೆ. ಸದ್ದನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಮತ್ತೆ ಬಿಡಿಸುವುದಕ್ಕೆ ಸಾಮಾನ್ಯ ನೆಕ್‌ಬ್ಯಾಂಡ್‌ಗಳು ಇನ್ನೂ 150ರಿಂದ 250 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ನಿಮ್ಮ ತಾಳ ನಿಮಿಷಕ್ಕೆ 80 ಪೆಟ್ಟು ಅಂತಿಟ್ಟುಕೊಳ್ಳಿ. ಒಂದು ಪೆಟ್ಟಿಗೆ 750 ಮಿಲಿಸೆಕೆಂಡ್. 200 ತಡವಾದರೆ ಕಾಲು ಪೆಟ್ಟಿಗಿಂತ ಜಾಸ್ತಿ ಹೋಯಿತು. ಇದು ಯಾರಿಗಾದರೂ ಕೇಳಿಸುತ್ತದೆ.

ಮೂರನೇ ದನಿ ಇನ್ನೂ ಹಿಂದೆ ಬೀಳುವುದೇಕೆ ಅನ್ನುವುದೂ ಇದರಲ್ಲೇ ಇದೆ. ಮೊದಲನೇ ದನಿ ತಾಳಕ್ಕಿಂತ 200 ತಡವಾಗಿ ಕೂತಿತು. ನೀವು ಅದನ್ನು ಸರಿಮಾಡದೆ ಎರಡನೇ ದನಿ ಹಾಡಲು ಕೂತಿರಿ. ಕಿವಿಯಲ್ಲಿ ತಾಳವೂ ಇದೆ, ನಿಮ್ಮ ಮೊದಲ ದನಿಯೂ ಇದೆ. ಮನುಷ್ಯರ ಸ್ವಭಾವ, ಜೊತೆಗೆ ಹಾಡುವವರ ದನಿಯನ್ನೇ ಹಿಡಿದು ಹಾಡುತ್ತೇವೆ. ಹಾಗಾಗಿ ಎರಡನೆಯದು ಮೊದಲನೆಯದಕ್ಕಿಂತ 200 ತಡ, ತಾಳಕ್ಕಿಂತ 400 ತಡ. ಮೂರನೆಯದು 600ರ ಹತ್ತಿರ. ಸಾಲದ ಮೇಲೆ ಸಾಲ ಏರಿದ ಹಾಗೆ. ಅಂದರೆ ನೀವು ಪ್ರತಿ ಸಲವೂ ಕಿವಿಗೆ ಬಿದ್ದದ್ದಕ್ಕೆ ಸರಿಯಾಗಿಯೇ ಹಾಡಿದ್ದೀರಿ. ತಾಳ ಇಲ್ಲದವರಿಗೆ ಹೀಗೆ ಕ್ರಮವಾಗಿ ತಪ್ಪಲು ಆಗುವುದಿಲ್ಲ.

ಹಾಗಾದರೆ ಬ್ಲೂಟೂತಿನ ತಡವನ್ನೇ ಅಳೆದು ಸೆಟಿಂಗಿನಲ್ಲಿ ಹಾಕಬಹುದಲ್ವಾ ಅಂತ ಕೇಳಬಹುದು. ಬೇಡ. ಒಂದು ಸಲ ಜೋಡಿಸಿದಾಗ 180, ಇನ್ನೊಂದು ಸಲ 230 ಆಗಬಹುದು. ನಿಲ್ಲದ ಅಂಕಿಗೆ ಮದ್ದಿಲ್ಲ. ಹಾಡು ಕೇಳಲು ನೆಕ್‌ಬ್ಯಾಂಡ್ ಇರಲಿ, ರೆಕಾರ್ಡಿಂಗಿಗೆ ತಂತಿಯ ಇಯರ್‌ಫೋನ್ ತೆಗೆದುಕೊಳ್ಳಿ. ಅದರಲ್ಲೂ ಕಿವಿಯೊಳಗೆ ಬಿಗಿಯಾಗಿ ಕೂರುವಂಥದ್ದು. ಸಡಿಲ ಇದ್ದರೆ ತಾಳದ ಟಿಕ್ ಟಿಕ್ ಮೈಕಿಗೆ ಸೋರುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ.

ಇಯರ್‌ಫೋನನ್ನು ಎಲ್ಲಿ ಚುಚ್ಚಬೇಕು ಅನ್ನುವುದೂ ಮುಖ್ಯ. ನಿಮ್ಮ ಯುಎಸ್‌ಬಿ ಮೈಕಿನ ಕೆಳಗೋ ಹಿಂದೆಯೋ ಒಂದು ಹೆಡ್‌ಫೋನ್ ತೂತು ಇದೆಯಾ ನೋಡಿ. ಬಹಳಷ್ಟು ಮೈಕುಗಳಿಗೆ ಇರುತ್ತದೆ. ಇದ್ದರೆ ಅಲ್ಲಿಗೇ ಹಾಕಿ, ಅಡಾಸಿಟಿಯಲ್ಲಿ ಪ್ಲೇಬ್ಯಾಕ್ ಸಾಧನವನ್ನೂ ಅದೇ ಮೈಕ್ ಅಂತ ಆರಿಸಿ. ಎರಡು ಲಾಭ. ನಿಮ್ಮ ದನಿ ಮೈಕಿನಿಂದಲೇ ನೇರವಾಗಿ ಕಿವಿಗೆ ಬರುತ್ತದೆ, ಲ್ಯಾಪ್‌ಟಾಪ್ ಸುತ್ತಿಕೊಂಡು ಬರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಕೇಳಿಸುವುದು, ಬರೆದುಕೊಳ್ಳುವುದು ಎರಡನ್ನೂ ಒಂದೇ ಸಾಧನ ಮಾಡುವುದರಿಂದ ಒಳಗಿನ ಗಡಿಯಾರವೂ ಒಂದೇ ಆಗುತ್ತದೆ. ಗಡಿಯಾರದ ಮಾತನ್ನು ಅತ್ತಿಗೆಯ ದನಿಗೆ ಬಂದಾಗ ಹೇಳುತ್ತೇನೆ. ಹಾಡುವಾಗ ನಿಮ್ಮದೇ ದನಿ ಮರುದನಿಯ ಹಾಗೆ ಎರಡೆರಡು ಸಲ ಕೇಳಿಸುತ್ತಿದ್ದರೆ, ಸಾಫ್ಟ್‌ವೇರ್ ಪ್ಲೇಥ್ರೂ ಅನ್ನುವ ಆಯ್ಕೆಯನ್ನು ಆಫ್ ಮಾಡಿಬಿಡಿ. ತಡವಾಗಿ ಕೇಳುವ ಸ್ವಂತ ದನಿ ಎಂಥ ಒಳ್ಳೆಯ ಹಾಡುಗಾರರನ್ನೂ ತೊದಲಿಸುತ್ತದೆ.

ಈಗ ಅಳೆಯುವ ಕೆಲಸ. ಹದಿನೈದು ನಿಮಿಷ ಸಾಕು, ಆದರೆ ಮಳೆ ನಿಂತಾಗ ಕೂತುಕೊಳ್ಳಿ. ನಿಮ್ಮ ಕಡೆ ಹೆಂಚಿನ ಮೇಲೆ ಮಳೆ ಹುಯ್ಯುತ್ತಿದ್ದರೆ ಸಣ್ಣ ಟಿಕ್ ಸದ್ದು ಮೈಕಿಗೆ ಸಿಗುವುದಿಲ್ಲ. ಎಡಿಟ್ ಮೆನುವಿನ ಪ್ರಿಫರೆನ್ಸಸ್ ತೆರೆಯಿರಿ. ಆಡಿಯೋ ಸೆಟಿಂಗ್ಸ್‌ನಲ್ಲಿ ಲೇಟೆನ್ಸಿ ಕಾಂಪನ್ಸೇಷನ್ ಅಂತ ಇದೆ. ಹಳೆಯ ಆವೃತ್ತಿಯಲ್ಲಿ ಡಿವೈಸಸ್ ಅನ್ನುವ ಪುಟದಲ್ಲೋ ರೆಕಾರ್ಡಿಂಗ್ ಪುಟದಲ್ಲೋ ಸಿಗುತ್ತದೆ. ಅಲ್ಲಿ -130 ಇರುತ್ತದೆ. ಅದನ್ನು ಸೊನ್ನೆ ಮಾಡಿ. ಆಮೇಲೆ ಜನರೇಟ್ ಮೆನುವಿನಿಂದ ರಿದಮ್ ಟ್ರ್ಯಾಕ್ ಹಾಕಿಕೊಳ್ಳಿ. ಇಯರ್‌ಫೋನಿನ ಒಂದು ಗುಂಡನ್ನು ಮೈಕಿನ ಬಾಯಿಗೆ ತಾಗುವ ಹಾಗೆ ಹಿಡಿದು ಹೊಸ ಟ್ರ್ಯಾಕಿನಲ್ಲಿ ರೆಕಾರ್ಡ್ ಒತ್ತಿ. ಹತ್ತು ಹನ್ನೆರಡು ಪೆಟ್ಟು ಆಗಲಿ, ನಿಲ್ಲಿಸಿ.

ಈಗ ಪರದೆಯಲ್ಲಿ ಎರಡು ಟ್ರ್ಯಾಕ್ ಇವೆ. ಮೇಲಿನದು ಹೊರಟ ಟಿಕ್, ಕೆಳಗಿನದು ತಿರುಗಿ ಬಂದ ಟಿಕ್. ಚೆನ್ನಾಗಿ ದೊಡ್ಡದು ಮಾಡಿ. ಮೇಲಿನ ಟಿಕ್ ಎದ್ದ ಜಾಗದಿಂದ ಕೆಳಗಿನ ಟಿಕ್ ಎದ್ದ ಜಾಗದವರೆಗೆ ಮೌಸಿನಲ್ಲಿ ಎಳೆದು ಗುರುತಿಸಿ. ಆ ಗುರುತಿನ ಉದ್ದ ಎಷ್ಟು ಅಂತ ಕೆಳಗಿನ ಪಟ್ಟಿಯಲ್ಲಿ ಬರುತ್ತದೆ. ಅದನ್ನು ಮಿಲಿಸೆಕೆಂಡಿನಲ್ಲಿ ತೋರಿಸುವಂತೆ ಬದಲಾಯಿಸಿಕೊಳ್ಳಿ. ಮೊದಲನೇ ಟಿಕ್ ಬಿಡಿ, ಆಮೇಲಿನ ಮೂರು ನಾಲ್ಕನ್ನು ಅಳೆಯಿರಿ. ಹೀಗೆ ಇಡೀ ಕೆಲಸವನ್ನು ಐದು ಸಲ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮಗೆ 142, 143, 141, 142, 142 ಅಂತ ಬಂತು ಅಂತಿಟ್ಟುಕೊಳ್ಳಿ. ಅದೇ ನಿಮ್ಮ ಯಂತ್ರದ ತಡ. ಲೇಟೆನ್ಸಿ ಕಾಂಪನ್ಸೇಷನ್ ಜಾಗದಲ್ಲಿ -142 ಅಂತ ಹಾಕಿ. ಮೈನಸ್ ಮರೆಯಬೇಡಿ, ಮರೆತರೆ ತಡ ಎರಡರಷ್ಟಾಗುತ್ತದೆ. ಇನ್ನೊಂದು ಸಲ ಪರೀಕ್ಷೆ ಮಾಡಿ. ಮೇಲಿನ ಟಿಕ್ ಕೆಳಗಿನ ಟಿಕ್ ಒಂದರ ನೇರಕ್ಕೆ ಒಂದು ಬಂದು ನಿಲ್ಲುತ್ತವೆ. ಆ ಚಿತ್ರ ನೋಡುವುದೇ ಒಂದು ಸಮಾಧಾನ.

ಐದು ಸಲದ ಅಂಕಿ ಒಂದಕ್ಕೊಂದು ತಾಳೆಯಾಗದೆ 140, 190, 155 ಅಂತ ಓಡಾಡಿದರೆ ಅಲ್ಲೇ ನಿಲ್ಲಿಸಿ. ಆಗ ಆಡಿಯೋ ಹೋಸ್ಟ್ ಅನ್ನುವ ಕಡೆ ಎಂಎಂಇ ಬದಲು ವಿಂಡೋಸ್ ವಾಸಾಪಿ ಆರಿಸಿ ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಅಂಕಿ ನಿಲ್ಲುತ್ತದೆ. ಒಂದು ಮಾತು ನೆನಪಿರಲಿ. ಹೋಸ್ಟ್ ಬದಲಾದರೆ, ಮೈಕ್ ಬದಲಾದರೆ, ಬಫರ್ ಬದಲಾದರೆ ಮತ್ತೆ ಅಳೆಯಬೇಕು.

ಬಫರ್ ಅಂದೆ. ಸದ್ದನ್ನು ಸ್ವಲ್ಪ ಸ್ವಲ್ಪವೇ ತುಂಬಿಕೊಂಡು ಒಮ್ಮೆಗೆ ಸಾಗಿಸುವ ಬುಟ್ಟಿ ಅದು. ಬಫರ್ ಕಡಿಮೆ ಮಾಡಿದರೆ ತಡ ಹೋಗುತ್ತದೆ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನೇರವಾಗಿ ಲ್ಯಾಪ್‌ಟಾಪಿನ ಮೂಲಕವೇ ತಮ್ಮ ದನಿ ಕೇಳುತ್ತಾ ಹಾಡುವವರಿಗೆ ಅದು ನಿಜ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಷ್ಟು ಅಳತೆ ತೆಗೆಯುವ ವೇಗದಲ್ಲಿ, 512 ಸ್ಯಾಂಪಲ್ ಹಿಡಿಯುವ ಬಫರ್ ಅಂದರೆ 11.6 ಮಿಲಿಸೆಕೆಂಡ್, 128 ಅಂದರೆ ಸುಮಾರು 3. ಆದರೆ ನಿಮ್ಮ ಕೆಲಸಕ್ಕೆ ತಡ ಇದ್ದರೂ ತೊಂದರೆ ಇಲ್ಲ, ಅದು ಒಂದೇ ಅಳತೆಯಲ್ಲಿದ್ದರೆ ಸಾಕು. ಬಫರ್ ತೀರಾ ಚಿಕ್ಕದಾದರೆ ಲ್ಯಾಪ್‌ಟಾಪ್ ಹೊತ್ತಿಗೆ ಸರಿಯಾಗಿ ಬರೆದುಕೊಳ್ಳಲಾರದೆ ನಡುನಡುವೆ ಚೂರು ಚೂರು ಸದ್ದನ್ನು ಬಿಟ್ಟುಬಿಡುತ್ತದೆ. ಆ ಕಾಯಿಲೆ ಮೊದಲಿನದಕ್ಕಿಂತ ಕೆಟ್ಟದ್ದು. ಅದನ್ನು ಇದ್ದ ಹಾಗೇ ಬಿಡಿ.

ಈ ಬಿಟ್ಟುಹೋಗುವ ಚೂರುಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಮಲೆನಾಡಿನಲ್ಲಿ ಇದು ಜಾಸ್ತಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಗೆ ಬರುತ್ತದೆ. ಬ್ಯಾಟರಿ ಉಳಿಸಲು ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನೀವು ಹಾಡುತ್ತಲೇ ಇರುತ್ತೀರಿ, ಅದು ಮಧ್ಯದಲ್ಲಿ 20 ಮಿಲಿಸೆಕೆಂಡ್, 50 ಮಿಲಿಸೆಕೆಂಡ್ ನುಂಗಿರುತ್ತದೆ. ನುಂಗಿದ ಜಾಗದಿಂದ ಮುಂದಿನದೆಲ್ಲಾ ಅಷ್ಟು ಎಡಕ್ಕೆ ಸರಿಯುತ್ತದೆ, ಅಂದರೆ ದನಿ ತಾಳಕ್ಕಿಂತ ಮುಂದೆ ಓಡುತ್ತದೆ. ಪವರ್ ಸೆಟಿಂಗಿನಲ್ಲಿ ಹೆಚ್ಚಿನ ಕಾರ್ಯಕ್ಷಮತೆಯ ಆಯ್ಕೆ ಇಡಿ. ರೆಕಾರ್ಡ್ ಮಾಡುವಾಗ ವೈಫೈ, ಬ್ರೌಸರ್ ಮುಚ್ಚಿ. ಅಡಾಸಿಟಿಯ ರೆಕಾರ್ಡಿಂಗ್ ಪ್ರಿಫರೆನ್ಸಿನಲ್ಲಿ ಡಿಟೆಕ್ಟ್ ಡ್ರಾಪ್‌ಔಟ್ಸ್ ಅಂತ ಇದೆ, ಅದಕ್ಕೆ ಗುರುತು ಹಾಕಿ. ಎಲ್ಲಾದರೂ ಚೂರು ತಪ್ಪಿದರೆ ಅಲ್ಲೊಂದು ಲೇಬಲ್ ಬಂದು ಕೂರುತ್ತದೆ. ಲೇಬಲ್ ಬಂದ ಸಾಲನ್ನು ಸುಮ್ನೆ ಮತ್ತೊಮ್ಮೆ ಹಾಡಿ. ಹರಿದ ಸೀರೆಗೆ ತೇಪೆ ಹಾಕುವುದಕ್ಕಿಂತ ಅದು ಬೇಗ ಮುಗಿಯುತ್ತದೆ.

ಈಗ ಅತ್ತಿಗೆಯವರ ದನಿ. ಅದಕ್ಕೆ ಮೂರು ಜಾಗದಲ್ಲಿ ಅಳತೆ ತೆಗೆಯಬೇಕು. ಪಲ್ಲವಿಯ ಮೊದಲ ಸಾಲು, ನಡುವಿನ ಚರಣ, ಕೊನೆಯ ಪಲ್ಲವಿ. ಮೊದಲ ಸಾಲನ್ನು ತಾಳಕ್ಕೆ ಕೂಡಿಸಿ, ಉಳಿದ ಎರಡು ಕಡೆ ಎಷ್ಟು ಮುಂದಿದೆ ಅಂತ ಬರೆದುಕೊಳ್ಳಿ. 0, 12, 24 ಅಂತ ಬಂದರೆ ಅದು ಮೆಲ್ಲಗೆ ಜಾರುವ ಕಾಯಿಲೆ. 0, 0, 60 ಅಂತ ಬಂದರೆ ನಡುವೆ ಎಲ್ಲೋ ಒಂದು ಚೂರು ಬಿಟ್ಟುಹೋಗಿದೆ. 0, ಹಿಂದೆ 40, ಮುಂದೆ 25 ಅಂತ ಹೇಗೆ ಬೇಕೋ ಹಾಗೆ ಬಂದರೆ ಅದು ಹಾಡಿದವರ ಲಯ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಶುರುವಿನಿಂದ ಕೊನೆವರೆಗೆ ಎಳೆಯುತ್ತಾ ಕೂತದ್ದರಿಂದಲೇ ನಿಮಗೆ ಸಾಕಾಗಿರುವುದು.

ಮೆಲ್ಲಗೆ ಜಾರುವುದು ಗಡಿಯಾರದಿಂದ. ಪ್ರತಿ ಮೊಬೈಲಿನ ಒಳಗೂ ಒಂದು ಸ್ಫಟಿಕದ ಚೂರು ಮಿಡಿಯುತ್ತಾ ಕಾಲ ಎಣಿಸುತ್ತದೆ. ಎರಡು ಮೊಬೈಲಿನ ಸ್ಫಟಿಕಗಳು ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ ನಿಮಿಷಕ್ಕೆ 3 ಮಿಲಿಸೆಕೆಂಡ್, ಐದು ನಿಮಿಷದ ಹಾಡಿಗೆ 15. ಅತ್ತಿಗೆ ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಹಾಡುತ್ತಾರೆ, ನೀವು ಅದನ್ನು ಮೂರನೆಯ ಯಂತ್ರದಲ್ಲಿ ತೆರೆಯುತ್ತೀರಿ. ಮೂರು ಮನೆಯ ಮೂರು ಗೋಡೆ ಗಡಿಯಾರ ಇದ್ದ ಹಾಗೆ. ಆದರೆ ಗಡಿಯಾರದಿಂದ ಆಗುವ ಜಾರುವಿಕೆ ಇಷ್ಟೇ, ಹತ್ತಿಪ್ಪತ್ತು ಮಿಲಿಸೆಕೆಂಡ್. ಅರ್ಧ ಪೆಟ್ಟು ಓಡುತ್ತಿದ್ದರೆ ಗಡಿಯಾರವನ್ನು ದೂರಬೇಡಿ, ಬಿಟ್ಟುಹೋದ ಚೂರು ಹುಡುಕಿ.

ಇದಕ್ಕೆ ನಾನು ನಂಬುವ ಉಪಾಯ ಚಪ್ಪಾಳೆ. ಅತ್ತಿಗೆಗೆ ಹೇಳಿ, ಹಾಡು ಶುರುವಾಗುವ ಮೊದಲು ತಾಳಕ್ಕೆ ಸರಿಯಾಗಿ ನಾಲ್ಕು ಚಪ್ಪಾಳೆ, ಹಾಡು ಮುಗಿದ ಮೇಲೂ ತಾಳ ನಿಲ್ಲಿಸದೆ ನಾಲ್ಕು ಚಪ್ಪಾಳೆ. ಚಪ್ಪಾಳೆಯ ಸದ್ದು ಪರದೆಯಲ್ಲಿ ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಲ್ಲುತ್ತದೆ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಮೊದಲ ಚಪ್ಪಾಳೆಗೆ ಕೂಡಿಸಿ. ಕೊನೆಯದು ಎಷ್ಟು ಮುಂದಿದೆ ನೋಡಿ. 260 ಸೆಕೆಂಡಿನ ಹಾಡಿನಲ್ಲಿ 26 ಮಿಲಿಸೆಕೆಂಡ್ ಮುಂದಿದ್ದರೆ ವ್ಯತ್ಯಾಸ ಶೇಕಡಾ 0.01. ವೇಗ ಬದಲಿಸುವ ಎಫೆಕ್ಟಿನಲ್ಲಿ ಅಷ್ಟು ನಿಧಾನ ಮಾಡಿದರೆ ಮುಗಿಯಿತು. ಶ್ರುತಿ ಕೆಡುತ್ತದೆ ಅಂತ ಹೆದರಬೇಡಿ, ಇಷ್ಟು ಸಣ್ಣ ಬದಲಾವಣೆ ಯಾವ ಕಿವಿಗೂ ಸಿಗುವುದಿಲ್ಲ. ನಾನಂತೂ ಹಾಡಿಗೆ ಇದಕ್ಕಿಂತ ಸರಳವಾದ ದಾರಿ ಹಿಡಿಯುತ್ತೇನೆ. ಚರಣ ಚರಣಕ್ಕೂ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕತ್ತರಿಸಿ, ಒಂದೊಂದು ತುಂಡನ್ನು ಐದೋ ಹತ್ತೋ ಮಿಲಿಸೆಕೆಂಡ್ ಬಲಕ್ಕೆ ಸರಿಸಿಬಿಡುತ್ತೇನೆ.

ಅತ್ತಿಗೆಗೆ ಇನ್ನೂ ಎರಡು ಮಾತು. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಬಾರದು, ಸದ್ದನ್ನು ಹಿಂಡಿ ಕಳಿಸುತ್ತದೆ. ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲಿ. ನೀವು ಅವರಿಗೆ ತಾಳದ ಟ್ರ್ಯಾಕ್ ಕಳಿಸುವಾಗಲೂ ಎಂಪಿ3 ಬೇಡ, ವೇವ್ ಕಳಿಸಿ. ಎಂಪಿ3 ಮಾಡುವಾಗ ಫೈಲಿನ ಶುರುವಿಗೆ ಒಂದು ಸಣ್ಣ ಮೌನ ಸೇರಿಕೊಳ್ಳುತ್ತದೆ, ಸಾಮಾನ್ಯವಾಗಿ 25 ಮಿಲಿಸೆಕೆಂಡಿನ ಆಸುಪಾಸು. ಒಮ್ಮೊಮ್ಮೆ ಅವರ ದನಿ ಗಂಡಸಿನ ದನಿಯ ಹಾಗೆ ದಪ್ಪಗಾಗಿ ಎಳೆದಾಡುತ್ತಿದ್ದರೆ ಅಥವಾ ಚಿಕ್ಕ ಮಕ್ಕಳ ದನಿಯ ಹಾಗೆ ಕೀರಲಾದರೆ, 48,000 ವೇಗದ ಫೈಲನ್ನು 44,100 ಅಂತಲೋ, ಅದರ ತಿರುಗುಮುರುಗಾಗಿಯೋ ಓದುತ್ತಿದೆ ಅಂತ ಅರ್ಥ. ಆಗ ಶ್ರುತಿ ಹಾರ್ಮೋನಿಯಂನ ಕಪ್ಪು ಬಿಳಿ ಎರಡೂ ಎಣಿಸಿದರೆ ಸುಮಾರು ಒಂದೂವರೆ ಮೆಟ್ಟಿಲಿನಷ್ಟು ಜಾರಿರುತ್ತದೆ. ಟ್ರ್ಯಾಕಿನ ಮೆನುವಿನಲ್ಲಿ ರೇಟ್ ಸರಿಪಡಿಸಿದರೆ ಆಯಿತು.

ಇಷ್ಟಾದ ಮೇಲೂ ಉಳಿಯುವುದೇ ಹಾಡಿದವರ ತಡ. ಅದನ್ನು ಎಷ್ಟು ಸರಿಮಾಡಬೇಕು? ಭಜನೆ ಮಂಡಳಿಯಲ್ಲಿ ಕೂತದ್ದನ್ನು ನೆನೆಸಿಕೊಳ್ಳಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಐದು ಮೀಟರ್ ಆಚೆ ಕೂತವರ ತಾಳ ನಿಮಗೆ 15 ಮಿಲಿಸೆಕೆಂಡ್ ತಡವಾಗಿಯೇ ಕೇಳಿಸುತ್ತದೆ. ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ, ತುಂಬಿದ ದನಿ ಅನ್ನಿಸುತ್ತದೆ. ಎರಡು ದನಿ 30 ಮಿಲಿಸೆಕೆಂಡಿನ ಒಳಗಿದ್ದರೆ ಕಿವಿ ಅವನ್ನು ಒಟ್ಟಿಗೇ ಬಂದವು ಅಂತ ತೆಗೆದುಕೊಳ್ಳುತ್ತದೆ. 1949ರಲ್ಲೇ ಹೆಲ್ಮುಟ್ ಹಾಸ್ ಅನ್ನುವ ಜರ್ಮನ್ ವಿಜ್ಞಾನಿ ಕಿವಿಯ ಈ ಗುಣದ ಬಗ್ಗೆ ಬರೆದರು. ಹಾಗಾಗಿ 30ರ ಒಳಗಿನದನ್ನು ಮುಟ್ಟಬೇಡಿ. ಮೂರೂ ದನಿಯನ್ನು ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ ಜೋಡಿಸಿದರೆ ಮೂರು ಜನ ಹಾಡಿದ ಸುಖ ಹೋಗುತ್ತದೆ. 50 ದಾಟಿದ್ದನ್ನು ಮಾತ್ರ ನೋಡಿ.

ಇಲ್ಲಿ ಬಹಳ ಜನ ತಪ್ಪುವ ಒಂದು ಜಾಗ ಇದೆ, ನಾನು ಪ್ರೀತಿಯಿಂದ ಕೂತು ಮಾಡುವ ಕೆಲಸವೂ ಇದೇ. ಪರದೆಯಲ್ಲಿ ಅಲೆ ಎಲ್ಲಿ ಶುರುವಾಗುತ್ತದೋ ಅದನ್ನು ತಂದು ತಾಳದ ಪೆಟ್ಟಿಗೆ ಕೂಡಿಸುತ್ತಾರೆ. "ಬಾರೋ" ಅನ್ನುವ ಮಾತಿಗೆ ಅದು ನಡೆಯುತ್ತದೆ. "ಶ್ರಾವಣ" ಅನ್ನುವ ಮಾತಿಗೆ ನಡೆಯುವುದಿಲ್ಲ. ನೀವೇ ತೊಡೆಗೆ ತಾಳ ಹಾಕುತ್ತಾ "ಶ್ರಾವಣ" ಅಂತ ಹಾಡಿ ನೋಡಿ. ಕೈ ತೊಡೆಗೆ ಬೀಳುವುದು "ಶ್" ಶುರುವಾದಾಗ ಅಲ್ಲ, "ಆ" ಬಿಚ್ಚಿಕೊಂಡಾಗ. "ಶ್ರ" ಅನ್ನುವುದು ಪೆಟ್ಟಿಗಿಂತ ಮೊದಲೇ ಹೊರಟಿರುತ್ತದೆ. ನಮ್ಮ ಕಿವಿಗೆ ಅಕ್ಷರದ ಗಳಿಗೆ ಅಂದರೆ ಅ, ಆ, ಇ ಥರದ ಸ್ವರ ತೆರೆಯುವ ಗಳಿಗೆ. ಪರದೆಯಲ್ಲಿ "ಶ್" ಗರಿಕೆ ಹುಲ್ಲಿನ ಹಾಗೆ ತೆಳ್ಳಗೆ, ಒತ್ತೊತ್ತಾಗಿ ಕಾಣುತ್ತದೆ. "ಆ" ಬಂದ ಕೂಡಲೇ ಅಲೆ ದಪ್ಪವಾಗಿ, ಒಂದೇ ಆಕಾರ ಮತ್ತೆ ಮತ್ತೆ ಬರುತ್ತಾ ಹೋಗುತ್ತದೆ. ಆ ದಪ್ಪ ಶುರುವಾಗುವ ಜಾಗವನ್ನು ಪೆಟ್ಟಿಗೆ ಕೂಡಿಸಿ. ಹುಲ್ಲಿನ ಶುರುವನ್ನು ಕೂಡಿಸಿದರೆ ದನಿ ನೂರು ಮಿಲಿಸೆಕೆಂಡ್ ತಡವಾದಂತೆ ಕೇಳುತ್ತದೆ, ಪರದೆಯಲ್ಲಿ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ. ಸ, ಶ, ಹ, ಕ್ಷ, ಸ್ತ, ಪ್ರ ಇಂಥವು ಬಂದಲ್ಲೆಲ್ಲ ಇದೇ ಲೆಕ್ಕ.

ಒತ್ತಕ್ಷರದ ಮೌನಕ್ಕೂ ಕೈ ಹಾಕಬೇಡಿ. "ಕತ್ತೆ" ಅನ್ನುವಾಗ ನಾಲಿಗೆ ಹಲ್ಲಿಗೆ ಅಂಟಿಕೊಂಡು ಒಂದು ಗಳಿಗೆ ನಿಲ್ಲುತ್ತದೆ. ಪರದೆಯಲ್ಲಿ ಅದು ಖಾಲಿ ಜಾಗ. ಖಾಲಿ ಇದೆಯಲ್ಲಾ ಅಂತ ಅಲ್ಲಿ ಕತ್ತರಿಸಿ ಮುಂದಿನದನ್ನು ಎಡಕ್ಕೆ ಎಳೆದರೆ "ಕತ್ತೆ" ಹೋಗಿ "ಕತೆ" ಆಗುತ್ತದೆ. ಹಾಗೆಯೇ ಸ್ವರವನ್ನು ಹಿಗ್ಗಿಸಿ ತಾಳ ತುಂಬಿಸಲು ಹೋದರೆ "ಬಳೆ" "ಬಾಳೆ" ಆಗುತ್ತದೆ. ನಮ್ಮ ಭಾಷೆಯಲ್ಲಿ ಉದ್ದವೇ ಅರ್ಥ. ಹಿಗ್ಗಿಸುವುದಿದ್ದರೆ ಮೊದಲೇ ದೀರ್ಘ ಇರುವ ಅಕ್ಷರವನ್ನು, ಅದರ ನಡುಭಾಗದಲ್ಲಿ, ಸ್ವಲ್ಪವೇ ಹಿಗ್ಗಿಸಿ. ಸಾಲಿನ ಕೊನೆ ಮಾತ್ರ ನಮಗೆ ಸುಲಭ. ಕನ್ನಡದ ಮಾತು ಹೆಚ್ಚುಪಾಲು ಸ್ವರದಲ್ಲೇ ಮುಗಿಯುವುದರಿಂದ, ಒಬ್ಬರ ದನಿ ಕೊಂಚ ಉದ್ದ ಉಳಿದರೂ ಮೆಲ್ಲಗೆ ಫೇಡ್ ಮಾಡಿದರೆ ಬೆರೆತುಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಎತ್ತುಗಡೆ, ಅಂದರೆ ಹಾಡು ತಾಳದಲ್ಲಿ ಶುರುವಾಗುವ ಜಾಗ, ಎಲ್ಲಿದೆ ಅಂತ ನೋಡಿಕೊಳ್ಳಿ. ಪೆಟ್ಟು ಬಿದ್ದು, ತಾಳದ ಎಣಿಕೆಯಲ್ಲಿ ಅರ್ಧ ಅಕ್ಷರ ಬಿಟ್ಟು ಶುರುವಾಗುವ ಹಾಡು ಎಷ್ಟೋ ಇವೆ. ಅದನ್ನು ತಡ ಅಂತ ತಿಳಿದು ಪೆಟ್ಟಿಗೆ ಎಳೆದರೆ ಹಾಡಿನ ನಡಿಗೆಯೇ ಹೋಯಿತು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು ರುದ್ರಪಟ್ಟಣ ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನದು. ಆ ಪರಂಪರೆಯಲ್ಲಿ ಪಾಠ ಅಂದರೆ ಕೈಯಲ್ಲಿ ತಾಳ ಹಾಕಿಕೊಂಡೇ ಹಾಡುವುದು. ರೆಕಾರ್ಡಿಂಗಿನಲ್ಲೂ ಹಾಗೇ ಮಾಡಿ. ಮೈಕಿಗೆ ಕೇಳದ ಹಾಗೆ ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಹಾಡಿ. ಬರೀ ಕಿವಿಯ ಟಿಕ್ ಕಾಯುತ್ತಾ ಹಾಡಿದರೆ ಪ್ರತಿ ಸಲವೂ ಕೇಳಿದ ಮೇಲೆ ಹಾಡುತ್ತೀರಿ, ಅಲ್ಲೇ ಒಂದಿಷ್ಟು ತಡ. ಕೈ ನಡೆಯುತ್ತಿದ್ದರೆ ಮುಂದಿನ ಪೆಟ್ಟು ಎಲ್ಲಿ ಅಂತ ಮೈಗೆ ಮೊದಲೇ ಗೊತ್ತಿರುತ್ತದೆ.

ಹಾಡಿಗೆ ಮೊದಲು ಒಂದು ಪೂರ್ತಿ ಆವರ್ತ ಖಾಲಿ ತಾಳ ಇಡಿ. ಆದಿತಾಳವಾದರೆ ಎಂಟು ಅಕ್ಷರ. ಇದು ಎತ್ತುಗಡೆಗೆ ಸಹಾಯ, ಜೊತೆಗೆ ಇನ್ನೊಂದು ಕಾರಣಕ್ಕೂ ಬೇಕು. ಅಡಾಸಿಟಿ ದನಿಯನ್ನು ಎಡಕ್ಕೆ ಸರಿಸುವಾಗ ಶುರುವಿನ ಚೂರು ಸೊನ್ನೆಯ ಆಚೆಗೆ ಹೋಗುತ್ತದೆ. ಅಲ್ಲಿ ಹಾಡು ಇರಬಾರದು.

ಇನ್ನು, ಈಗಾಗಲೇ ಹಾಡಿಟ್ಟ ಹಾಡುಗಳು. ಅವನ್ನು ಅಳಿಸಬೇಡಿ. ಮೊದಲನೇ ದನಿಯನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಮ್ಯೂಟ್ ಮಾಡಿ. ಮೂರು ಜಾಗದಲ್ಲಿ ತಾಳದಿಂದ ಎಷ್ಟು ತಡ ಅಂತ ಅಳೆಯಿರಿ. ಮೂರೂ ಕಡೆ ಹತ್ತಿರ ಹತ್ತಿರ ಒಂದೇ ಅಂಕಿ ಬಂದರೆ, ಇಡೀ ಕ್ಲಿಪ್ಪನ್ನು ಅದರ ಮೇಲಿನ ಪಟ್ಟಿ ಹಿಡಿದು ಅಷ್ಟೇ ಎಡಕ್ಕೆ ಎಳೆಯಿರಿ. ಒಂದೇ ಎಳೆತ, ಮುಗಿಯಿತು. ಎರಡನೇ ದನಿಗೂ ಹಾಗೇ ಮಾಡಿ, ಆದರೆ ಮೊದಲನೇ ದನಿಯ ಲೆಕ್ಕದಲ್ಲಿ ಅಲ್ಲ, ತಾಳದ ಲೆಕ್ಕದಲ್ಲೇ ಅಳೆಯಿರಿ. ಮೂರನೇ ದನಿ ಎರಡು ದನಿಯ ಹಗ್ಗಜಗ್ಗಾಟದ ನಡುವೆ ಹಾಡಿದ್ದು, ಅದರಲ್ಲಿ ನಿಮ್ಮ ಲಯವೂ ಅಲುಗಾಡಿರುತ್ತದೆ. ಅದನ್ನು ಎಳೆಯುತ್ತಾ ಕೂರಬೇಡಿ. ತಂತಿಯ ಇಯರ್‌ಫೋನ್ ಹಾಕಿಕೊಂಡು, ತಾಳದ ಸದ್ದು ಮುಂದೆ, ಸರಿಮಾಡಿದ ಮೊದಲನೇ ದನಿ ಮೆಲ್ಲಗೆ ಹಿಂದೆ ಇಟ್ಟುಕೊಂಡು, ಮತ್ತೊಮ್ಮೆ ಹಾಡಿ.